ಆಮೆಯ ಬೆನ್ನಿನ ಮೇಲೊಂದು ಜಗತ್ತು

(ಸುವರ್ಣ ಮಹೋತ್ಸವದ ಎರಡನೆಯ ದಿನ ಬೆಳಗಿನ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಕಾರ್ಯಕ್ರಮದ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ‘ವಿದ್ಯಾರ್ಥಿ ಜೀವನ ಮತ್ತು ಓದು’ ಎಂದು ಹಾಕಿದ್ದಾರೆ. ಆ ವಿಷಯದ ಮೇಲೆ ಮಾತು ಶುರು ಮಾಡಿದರೆ ‘ಓದಿ, ಮುಂದೆ ಬನ್ನಿ’ ಎನ್ನುವುದು ಬಿಟ್ಟರೆ ನನಗೆ ಬೇರೇನೂ ಹೊಳೆಯುವುದಿಲ್ಲ. ಅದನ್ನು ನಿಮಗೆ ದಿನಾ ಹೇಳುವವರಿದ್ದಾರೆ. ಆದ್ದರಿಂದ ಸಮಿತಿಯವರ ಒಪ್ಪಿಗೆ ಪಡೆದು ಒಬ್ಬ ಮನುಷ್ಯನ ಕಥೆ ಹೇಳುತ್ತೇನೆ. ಆತ ನಮ್ಮ ದೇಶದವನಲ್ಲ. ಇಂಗ್ಲೆಂಡಿನವನು. ಹೆಸರು ಟೆರ್ರಿ ಪ್ರ್ಯಾಚೆಟ್. ಮಾಟಗಾತಿಯರು, ಮಂತ್ರವಾದಿಗಳು, ಕುಳ್ಳರು, ಮಾತಾಡುವ ಇಲಿಗಳು, ಇಂಥವರ ಕಥೆಗಳನ್ನೇ ಬರೆದು ಬದುಕಿದವನು. ನಮ್ಮ ಕಾಲದಲ್ಲಿ ‘ಚಂದಮಾಮ’ದ ಬೇತಾಳ ಕಥೆಯನ್ನು ಪಾಠದ ಪುಸ್ತಕದೊಳಗೆ ಅಡಗಿಸಿಟ್ಟು ಓದಿದವರಿಗೆ ಈತನ ಗುಣ ಬೇಗ ಅರ್ಥವಾಗುತ್ತದೆ.

ಟೆರ್ರಿ ಹುಟ್ಟಿದ್ದು 1948ರ ಏಪ್ರಿಲ್ 28ರಂದು, ಬಕಿಂಗ್‌ಹ್ಯಾಮ್‌ಶೈರಿನ ಬೀಕನ್ಸ್‌ಫೀಲ್ಡ್ ಎಂಬ ಊರಿನಲ್ಲಿ. ಅಪ್ಪ ಮೋಟಾರು ಮೆಕ್ಯಾನಿಕ್, ಅಮ್ಮ ಆಫೀಸಿನಲ್ಲಿ ಕಾರ್ಯದರ್ಶಿ. ಒಬ್ಬನೇ ಮಗ. ಅಲ್ಲಿ ಆಗ 11ನೇ ವಯಸ್ಸಿಗೆ ಒಂದು ಪರೀಕ್ಷೆ ಇತ್ತು. ಪಾಸಾದವರಿಗೆ ಒಂದು ಬಗೆಯ ಹೈಸ್ಕೂಲು, ಆಗದವರಿಗೆ ಇನ್ನೊಂದು ಬಗೆಯದು. ನಮ್ಮ ಎಸ್‌ಎಸ್‌ಎಲ್‌ಸಿಯನ್ನು ಐದು ವರ್ಷ ಮೊದಲೇ ತಂದು ಇಟ್ಟ ಹಾಗೆ. ಆತನ ಪ್ರೈಮರಿ ಶಾಲೆಯ ಹೆಡ್‌ಮಾಸ್ಟರು ಅಷ್ಟು ದಿನವೂ ಕಾಯಲಿಲ್ಲ. ಆರು ವರ್ಷದ ಮಕ್ಕಳನ್ನು ನೋಡಿಯೇ ಯಾರು ಮುಂದೆ ಪಾಸಾಗುತ್ತಾರೆ, ಯಾರು ಆಗುವುದಿಲ್ಲ ಎಂದು ಎರಡು ಗುಂಪು ಮಾಡಿಬಿಡುತ್ತಿದ್ದರಂತೆ. ಟೆರ್ರಿ ಎರಡನೆಯ ಗುಂಪಿಗೆ ಬಿದ್ದ. ಈ ಮಾತನ್ನು ಆತ ಕೊನೆಯವರೆಗೂ ಮರೆಯಲಿಲ್ಲ, ಸಿಕ್ಕಿದ ವೇದಿಕೆಗಳಲ್ಲೆಲ್ಲ ಹೇಳಿದ.

ಹುಡುಗನಿಗೆ ಓದು ಹತ್ತಿರಲಿಲ್ಲ ಎನ್ನುವುದು ನಿಜ. ಅವನ ಅಮ್ಮ ಅದಕ್ಕೊಂದು ಉಪಾಯ ಮಾಡಿದಳು. ಒಂದು ಪುಟ ಸರಿಯಾಗಿ ಓದಿದರೆ ಒಂದು ಪೆನ್ನಿ. ನಮ್ಮ ಲೆಕ್ಕದಲ್ಲಿ ಪುಟಕ್ಕೆ ನಾಲ್ಕಾಣೆ ಅನ್ನಿ. ಮಕ್ಕಳಿಗೆ ಲಂಚ ಕೊಡಬಾರದು ಎಂದು ಇಲ್ಲಿ ಕೂತಿರುವ ಮೇಷ್ಟ್ರುಗಳು ಹೇಳಬಹುದು. ಆದರೆ ಆ ತಾಯಿ ತನ್ನ ಕೈಯ ಕಾಸು ಹಾಕಿದ್ದು ಮಗನ ಮೇಲೆ ನಂಬಿಕೆ ಇಟ್ಟು. ಹತ್ತನೇ ವಯಸ್ಸಿನ ಹೊತ್ತಿಗೆ ಅವನ ಕೈಗೆ ‘ದಿ ವಿಂಡ್ ಇನ್ ದಿ ವಿಲೋಸ್’ ಎಂಬ ಪುಸ್ತಕ ಬಂತು. ನದಿ ದಂಡೆಯ ಇಲಿ, ನೆಲಗಪ್ಪೆ, ಹೆಗ್ಗಣದಂಥ ಪ್ರಾಣಿಗಳ ಕಥೆ. ನೆಲಗಪ್ಪೆ ಕಾರು ಓಡಿಸುತ್ತದೆ, ಯಾರಿಗೂ ಆಶ್ಚರ್ಯವಿಲ್ಲ! ಅಲ್ಲಿಂದ ಮುಂದೆ ಅಮ್ಮ ಪೆನ್ನಿ ಕೊಡಬೇಕಾಗಲಿಲ್ಲ.

ಆಮೇಲೆ ಅವನು ಊರಿನ ಸಾರ್ವಜನಿಕ ಲೈಬ್ರರಿಗೆ ಹೋದ. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ನಾನು ಈ ವಿಷಯ ಆರಿಸಿಕೊಂಡದ್ದೇ ಇದಕ್ಕಾಗಿ. ಬೀಕನ್ಸ್‌ಫೀಲ್ಡ್ ಲೈಬ್ರರಿಯಲ್ಲಿ ಶನಿವಾರದ ಕೆಲಸಕ್ಕೆ ಶಾಲೆಯ ಹುಡುಗರನ್ನು ಇಟ್ಟುಕೊಳ್ಳುತ್ತಿದ್ದರು. ವಾಪಸು ಬಂದ ಪುಸ್ತಕಗಳನ್ನು ಕಪಾಟಿನಲ್ಲಿ ಜೋಡಿಸುವುದು, ಹರಿದದ್ದಕ್ಕೆ ಅಂಟು ಹಚ್ಚುವುದು, ಹೀಗೆ. ಟೆರ್ರಿ ಆ ಕೆಲಸಕ್ಕೆ ಸೇರಿಕೊಂಡ. ಒಂದು ಟಿಕೆಟ್ಟಿಗೆ ಒಂದು ಪುಸ್ತಕ ಎಂಬ ನಿಯಮ ಇತ್ತು. ಟಿಕೆಟ್ ಬರೆಯುವ ಜಾಗದಲ್ಲಿ ಕೂತವನು ತಾನೇ ಅಲ್ಲವೇ? ತನಗೆ ತಾನೇ ಬೇಕಾದಷ್ಟು ಟಿಕೆಟ್ ಬರೆದುಕೊಂಡ! ಇತಿಹಾಸ, ಖಗೋಳ, ಪುರಾಣ, ವಿಜ್ಞಾನ ಕಥೆ, ಹಾಸ್ಯ ಪತ್ರಿಕೆಗಳ ಹಳೆಯ ಸಂಪುಟ, ಕೈಗೆ ಸಿಕ್ಕಿದ್ದನ್ನೆಲ್ಲ ಮನೆಗೆ ಹೊತ್ತು ತಂದ. ತನ್ನ ನಿಜವಾದ ವಿದ್ಯಾಭ್ಯಾಸ ಆದದ್ದು ಅಲ್ಲೇ ಎಂದು ಮುಂದೆ ಹೇಳುತ್ತಿದ್ದ. 13ನೇ ವಯಸ್ಸಿನಲ್ಲಿ, ಹೊಸ ವರ್ಷದ ಹಿಂದಿನ ರಾತ್ರಿ, ಅಕ್ಕಪಕ್ಕದವರ ಮಕ್ಕಳನ್ನು ನೋಡಿಕೊಳ್ಳಲು ಕೂತಾಗ ಟೋಲ್ಕಿನ್ನರ ‘ಲಾರ್ಡ್ ಆಫ್ ದಿ ರಿಂಗ್ಸ್’ ಹಿಡಿದವನು ಬೆಳಗಾಗುವವರೆಗೆ ಕೆಳಗಿಡಲಿಲ್ಲ.

ಹೆಡ್‌ಮಾಸ್ಟರರ ಭವಿಷ್ಯ ಸುಳ್ಳಾಯಿತು. ಹುಡುಗ ಆ ಪರೀಕ್ಷೆಯಲ್ಲಿ ಪಾಸಾದ. ಆದರೂ ಹೆಸರಾಂತ ಗ್ರಾಮರ್ ಸ್ಕೂಲಿಗೆ ಹೋಗದೆ ಹೈ ವೈಕೂಂಬ್ ಟೆಕ್ನಿಕಲ್ ಹೈಸ್ಕೂಲಿಗೆ ಸೇರಿದ. ಕಾರಣ ಕೇಳಿದರೆ, ಲ್ಯಾಟಿನ್ ಕಲಿಯುವುದಕ್ಕಿಂತ ಮರಗೆಲಸ ಮಜವಾಗಿರುತ್ತದೆ ಅಂದುಕೊಂಡನಂತೆ. ಆ ಶಾಲೆಯ ಪತ್ರಿಕೆಯಲ್ಲಿ, 13ನೇ ವಯಸ್ಸಿನಲ್ಲಿ, ಅವನ ಮೊದಲ ಕಥೆ ಅಚ್ಚಾಯಿತು. ಹೆಸರು ‘ದಿ ಹೇಡೀಸ್ ಬಿಸಿನೆಸ್’. ನರಕಕ್ಕೆ ಜನ ಬರುವುದು ಕಡಿಮೆಯಾಗಿ ಸೈತಾನ ಒಬ್ಬ ಜಾಹೀರಾತು ಮಾಡುವವನನ್ನು ಹಿಡಿಯುತ್ತಾನೆ, ಅದೇ ಕಥೆ. ಎರಡು ವರ್ಷದ ನಂತರ, 1963ರಲ್ಲಿ, ಅದೇ ಕಥೆಯನ್ನು ‘ಸೈನ್ಸ್ ಫ್ಯಾಂಟಸಿ’ ಎಂಬ ಪತ್ರಿಕೆ ದುಡ್ಡು ಕೊಟ್ಟು ತೆಗೆದುಕೊಂಡಿತು. ಆ ದುಡ್ಡಿನಲ್ಲಿ ಹುಡುಗ ಒಂದು ಸೆಕೆಂಡ್ ಹ್ಯಾಂಡ್ ಟೈಪ್‌ರೈಟರ್ ಕೊಂಡ. ಈ ಸಂಚಿಕೆಯ ಸಂಪಾದಕ ಮೇಷ್ಟ್ರು ‘ಒಂಬತ್ತನೇ ಕ್ಲಾಸಿನ ಹುಡುಗರ ಕಥೆ, ಕವನ ಯಾಕೆ, ದೊಡ್ಡವರ ಲೇಖನಗಳೇ ಸಾಕಷ್ಟಿವೆ’ ಎನ್ನುವವರಿಗೆಲ್ಲ ಉತ್ತರ ಕೊಟ್ಟು ಸುಸ್ತಾಗಿದ್ದಾರೆ ಎಂದು ಕೇಳಿದೆ. ಮೇಷ್ಟ್ರೇ, ದೊಡ್ಡವರ ನಾಲ್ಕು ಲೇಖನ ಬಿಟ್ಟರೂ ಚಿಂತೆಯಿಲ್ಲ, ಮಕ್ಕಳದ್ದು ಬಿಡಬೇಡಿ. ಬೇಕಾದರೆ ನನ್ನ ಈ ಭಾಷಣವನ್ನೇ ಬಿಡಿ.

17ನೇ ವಯಸ್ಸಿಗೆ, 1965ರಲ್ಲಿ, ಆತ ಶಾಲೆ ಬಿಟ್ಟು ‘ಬಕ್ಸ್ ಫ್ರೀ ಪ್ರೆಸ್’ ಎಂಬ ಸ್ಥಳೀಯ ಪತ್ರಿಕೆಗೆ ಕೆಲಸ ಕಲಿಯಲು ಸೇರಿಕೊಂಡ. ಕಾಲೇಜಿನ ಮೆಟ್ಟಿಲು ಹತ್ತಲೇ ಇಲ್ಲ. ಸೇರಿದ ಮೂರೇ ಗಂಟೆಯಲ್ಲಿ ಮೊದಲ ಹೆಣ ನೋಡಿದೆ ಎಂದು ಆತ ಹೇಳಿಕೊಂಡಿದ್ದಾನೆ. ಕೋರ್ಟು, ಮುನಿಸಿಪಾಲಿಟಿ ಸಭೆ, ಅಪಘಾತ, ಹೂವಿನ ಪ್ರದರ್ಶನ, ಎಲ್ಲದಕ್ಕೂ ಓಡಾಡಬೇಕು. ಜೊತೆಗೆ ‘ಅಂಕಲ್ ಜಿಮ್’ ಎಂಬ ಹೆಸರಿನಲ್ಲಿ ಮಕ್ಕಳ ಅಂಕಣಕ್ಕೆ ವಾರವಾರವೂ ಕಥೆ ಹೊಸೆಯಬೇಕು. ಮುಂದೆ ಆತನ ಕಾದಂಬರಿಗಳಲ್ಲಿ ಬರುವ ಪೊಲೀಸ್ ಪೇದೆ, ಸೂಲಗಿತ್ತಿ, ಅಂಚೆಯವನು, ಬೀದಿ ಬದಿಯಲ್ಲಿ ಏನನ್ನೋ ಕರಿದು ಮಾರುವವನು, ಇವರೆಲ್ಲ ಇಷ್ಟು ಜೀವಂತವಾಗಿರುವುದು ಈ ಓಡಾಟದಿಂದ ಎಂದು ನನ್ನ ನಂಬಿಕೆ. ಕಲ್ಪನೆಯ ಕಥೆ ಬರೆಯುವವನಿಗೆ ಲೋಕಜ್ಞಾನ ಬೇಡ ಅನ್ನುತ್ತಾರೆ. ಇತರರಿಗಿಂತ ಅವನಿಗೇ ಹೆಚ್ಚು ಬೇಕು.

ಮೊದಲ ಪುಸ್ತಕ ಬಂದದ್ದು ಸಂದರ್ಶನವೊಂದರ ನೆವದಿಂದ. ಶಿಕ್ಷಣದ ಬಗ್ಗೆ ಪುಸ್ತಕ ತಂದಿದ್ದ ಪ್ರಕಾಶಕರನ್ನು ಮಾತಾಡಿಸಲು ಹೋದ ಹುಡುಗ, ಹೊರಡುವಾಗ, ‘ನಾನೂ ಒಂದು ಬರೆದಿದ್ದೇನೆ’ ಎಂದ. ‘ದಿ ಕಾರ್ಪೆಟ್ ಪೀಪಲ್’ 1971ರಲ್ಲಿ ಬಂತು. ಜಮಖಾನೆಯ ನೂಲುಗಳ ನಡುವೆ ಬದುಕುವ ಸಣ್ಣ ಸಣ್ಣ ಜನರ ಕಥೆ. ಬಿಡುಗಡೆ ಸಮಾರಂಭ ನಡೆದದ್ದು ಲಂಡನ್ನಿನ ಅಂಗಡಿಯೊಂದರ ಜಮಖಾನೆ ವಿಭಾಗದಲ್ಲಿ! ಅದಾದ ಮೇಲೆ ಸುಮಾರು ಹನ್ನೆರಡು ವರ್ಷ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಸಂಸಾರ, ಮಗಳು, ನೌಕರಿ. ಆ ನೌಕರಿಯೂ ವಿಚಿತ್ರವಾದದ್ದೇ. ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣು ಸ್ಥಾವರದ ಅಪಘಾತ ಆಗಿ ಜನ ಹೆದರಿದ್ದ ಕಾಲ. ಈತ ಇಂಗ್ಲೆಂಡಿನ ವಿದ್ಯುತ್ ಮಂಡಳಿಯ ಪತ್ರಿಕಾ ಅಧಿಕಾರಿಯಾಗಿ, ಅಣು ವಿದ್ಯುತ್ ಸ್ಥಾವರಗಳ ಬಗ್ಗೆ ಪತ್ರಿಕೆಯವರಿಗೆ ಸಮಾಧಾನ ಹೇಳುವ ಕೆಲಸಕ್ಕೆ ಸೇರಿದ. ಹಗಲು ಅದು, ರಾತ್ರಿ ಬರವಣಿಗೆ. ದಿನಕ್ಕೆ 400 ಪದ. ಒಂದು ಪುಸ್ತಕ ಮುಗಿದು ಆ ದಿನದ ಪದಗಳಲ್ಲಿ ಇನ್ನೂ ನೂರು ಬಾಕಿ ಇದ್ದರೆ, ಮುಂದಿನ ಪುಸ್ತಕದ ನೂರು ಪದ ಬರೆದೇ ಏಳುವುದು. ನಮ್ಮೂರಲ್ಲಿ ಹಾಲಿನ ಡೈರಿಗೆ ಎರಡು ಹೊತ್ತೂ ಹಾಲು ಹಾಕುವವರಿಗೆ ಈ ಶಿಸ್ತಿನ ಬಗ್ಗೆ ನಾನು ವಿವರಿಸಬೇಕಾಗಿಲ್ಲ.

1983ರಲ್ಲಿ ‘ದಿ ಕಲರ್ ಆಫ್ ಮ್ಯಾಜಿಕ್’ ಬಂತು. ಗಟ್ಟಿ ರಟ್ಟಿನ ಮೊದಲ ಮುದ್ರಣ ಬರೀ 506 ಪ್ರತಿ. ಇದರಲ್ಲಿ ಆತ ಕಟ್ಟಿದ ಲೋಕದ ಹೆಸರು ಡಿಸ್ಕ್‌ವರ್ಲ್ಡ್, ಅಂದರೆ ತಟ್ಟೆಯ ಆಕಾರದ ಜಗತ್ತು. ತಟ್ಟೆಯನ್ನು ಹೊತ್ತಿರುವುದು ನಾಲ್ಕು ಆನೆಗಳು. ಆನೆಗಳು ನಿಂತಿರುವುದು ಒಂದು ಭಾರೀ ಆಮೆಯ ಮೇಲೆ. ಆಮೆ ಆಕಾಶದಲ್ಲಿ ಈಜುತ್ತಾ ಹೋಗುತ್ತಿದೆ. ಹಿರಿಯರು ನಗುತ್ತಿದ್ದೀರಿ, ನನಗೂ ಹಾಗೇ ಆಯಿತು. ಕೂರ್ಮಾವತಾರ ಮತ್ತು ದಿಗ್ಗಜಗಳು ನಮ್ಮ ಅಜ್ಜಿಯರ ಬಾಯಲ್ಲಿ ಇದ್ದದ್ದೇ. ನಮ್ಮಲ್ಲಿ ಆನೆಗಳು ಎಂಟು, ಅಲ್ಲಿ ನಾಲ್ಕು. ಭೂಮಿಯನ್ನು ಆನೆ, ಆಮೆಗಳು ಹೊತ್ತಿವೆ ಎಂದು ಹಿಂದೂಗಳು ಹೇಳುತ್ತಾರೆ ಎನ್ನುವ ಮಾತು ಯುರೋಪಿನ ಪುಸ್ತಕಗಳಲ್ಲಿ ಬಹಳ ಹಿಂದಿನಿಂದ ಓಡಾಡಿಕೊಂಡಿತ್ತು. ಈತ ಅದನ್ನು ಗೇಲಿಗೆ ಬಳಸಲಿಲ್ಲ. ‘ಸರಿ, ಜಗತ್ತು ಹಾಗೇ ಇದೆ ಅಂತಲೇ ಇಟ್ಟುಕೊಳ್ಳೋಣ. ಹಾಗಾದರೆ ಅಲ್ಲಿಯ ಅಂಚೆ ಕಚೇರಿ ಹೇಗೆ ನಡೆಯುತ್ತದೆ, ಚರಂಡಿ ಯಾರು ಬಳಿಯುತ್ತಾರೆ, ಬ್ಯಾಂಕಿನಲ್ಲಿ ದುಡ್ಡು ಎಲ್ಲಿಂದ ಬರುತ್ತದೆ?’ ಈ ತರಹದ ಪ್ರಶ್ನೆಗಳನ್ನು ಹಿಡಿದು 41 ಕಾದಂಬರಿ ಬರೆದ.

1987ರಲ್ಲಿ ನೌಕರಿ ಬಿಟ್ಟ. ಆ ವರ್ಷ ಬಂದ ಕಾದಂಬರಿ ‘ಮಾರ್ಟ್’. ಹಳ್ಳಿಯ ಒಬ್ಬ ಹುಡುಗ, ಕೈಕಾಲು ಉದ್ದ, ಕೆಲಸಕ್ಕೆ ಹಾಕಿದರೆ ಏನಾದರೂ ಕೆಡಿಸುವವನು. ಅಪ್ಪ ಅವನನ್ನು ಕೂಲಿಗೆ ಹುಡುಗರನ್ನು ಆರಿಸುವ ಜಾತ್ರೆಗೆ ಕರೆದೊಯ್ದು ನಿಲ್ಲಿಸುತ್ತಾನೆ. ಕಮ್ಮಾರ ಒಬ್ಬನನ್ನು ಒಯ್ದ, ದರ್ಜಿ ಒಬ್ಬನನ್ನು ಒಯ್ದ, ಸಂಜೆಯಾಯಿತು, ರಾತ್ರಿಯಾಯಿತು, ಇವನನ್ನು ಯಾರೂ ಕೇಳುವವರಿಲ್ಲ. ಮಧ್ಯರಾತ್ರಿ ಬಿಳಿ ಕುದುರೆಯ ಮೇಲೆ ಒಬ್ಬ ಬರುತ್ತಾನೆ. ಬಂದವನು ಸಾವು, ಸಾಕ್ಷಾತ್ ಸಾವು. ‘ನನ್ನ ಹತ್ತಿರ ಕೆಲಸ ಕಲಿಯುತ್ತೀಯಾ’ ಎನ್ನುತ್ತಾನೆ. ಆರು ವರ್ಷಕ್ಕೇ ಎರಡನೆಯ ಗುಂಪಿಗೆ ಬಿದ್ದವನು ಬರೆದ ಕಥೆ ಇದು ಎಂದು ಗೊತ್ತಿದ್ದರೆ, ಆ ಜಾತ್ರೆಯಲ್ಲಿ ಕೊನೆಯಲ್ಲಿ ಉಳಿದ ಹುಡುಗನ ಮುಖ ಕಣ್ಣಿಗೆ ಕಟ್ಟುತ್ತದೆ.

ಪ್ರ್ಯಾಚೆಟ್ಟನ ಸಾವು ನಮ್ಮ ಯಮಧರ್ಮರಾಯನಿಗೆ ದೂರದ ನೆಂಟ ಇರಬೇಕು. ಎಲುಬಿನ ಗೂಡು, ಕೈಯಲ್ಲಿ ಕುಡುಗೋಲು. ಆದರೆ ಮರ್ಯಾದಸ್ಥ. ಬೆಕ್ಕುಗಳೆಂದರೆ ಪ್ರಾಣ, ಮಸಾಲೆ ಹಾಕಿದ ಕರಿ ಊಟವೆಂದರೆ ಇಷ್ಟ. ಯಾರ ಮೇಲೂ ದ್ವೇಷವಿಲ್ಲ, ಕರ್ತವ್ಯ ಮಾಡುತ್ತಾನೆ ಅಷ್ಟೇ. ನಚಿಕೇತನನ್ನು ಮೂರು ರಾತ್ರಿ ಉಪವಾಸ ಬಾಗಿಲಲ್ಲಿ ಕಾಯಿಸಿದ್ದಕ್ಕೆ ನೊಂದುಕೊಂಡು ಮೂರು ವರ ಕೊಟ್ಟ ಯಮನನ್ನು ಬಲ್ಲ ನಮಗೆ ಈ ಪಾತ್ರ ಹೊಸದೆನಿಸುವುದಿಲ್ಲ. ಇಂಗ್ಲೆಂಡಿನಲ್ಲಿ ಸಾಯುವ ಹಾಸಿಗೆಯಲ್ಲಿದ್ದವರು ಕೂಡ ಆತನಿಗೆ ಪತ್ರ ಬರೆದು, ‘ಸಾವು ನೀವು ಬರೆದ ಹಾಗೇ ಇರಲಿ’ ಎಂದು ಹೇಳುತ್ತಿದ್ದರಂತೆ.

ಊರಿನವರಿಗಾಗಿ ಇನ್ನೊಂದು ಪ್ರಸಂಗ ಹೇಳಲೇಬೇಕು. 1993ರ ‘ಮೆನ್ ಅಟ್ ಆರ್ಮ್ಸ್’ ಎಂಬ ಕಾದಂಬರಿಯಲ್ಲಿ ವೈಮ್ಸ್ ಎಂಬ ಪೊಲೀಸಿನವನಿದ್ದಾನೆ. ಬಡತನದಲ್ಲಿ ಬೆಳೆದವನು. ಅವನು ಬೂಟಿನ ಲೆಕ್ಕ ಹಾಕುತ್ತಾನೆ. ಒಳ್ಳೆಯ ಬೂಟಿಗೆ 50 ಡಾಲರು, ಹತ್ತು ವರ್ಷ ಬಾಳುತ್ತದೆ. ಅಗ್ಗದ್ದಕ್ಕೆ 10 ಡಾಲರು, ಒಂದೆರಡು ಮಳೆಗಾಲಕ್ಕೆ ಅಟ್ಟೆ ತೂತು. 50 ಒಟ್ಟಿಗೆ ಕೊಡಲಾರದವನು ಹತ್ತು ವರ್ಷದಲ್ಲಿ 100 ಡಾಲರು ಕೊಟ್ಟಿರುತ್ತಾನೆ, ಆದರೂ ಅವನ ಕಾಲು ಒದ್ದೆಯೇ. ಶ್ರೀಮಂತರು ಶ್ರೀಮಂತರಾಗಿರುವುದು ಖರ್ಚು ಕಡಿಮೆ ಆಗುವುದರಿಂದ, ಎನ್ನುತ್ತಾನೆ ವೈಮ್ಸ್. ಮನೆಗೆ ತಾರಸಿ ಹಾಕಲು ದುಡ್ಡು ಸಾಲದೆ ಶೀಟು ಹೊದಿಸಿ, ಗಾಳಿಗೆ ಹಾರಿದ ಶೀಟನ್ನು ಎರಡು ವರ್ಷಕ್ಕೊಮ್ಮೆ ಬದಲಿಸುವವರು ಇಲ್ಲಿ ಎಷ್ಟು ಜನ ಇದ್ದೀರಿ! ಬ್ಯಾಂಕಿನ ಸಾಲ ಸಿಗದೆ ಕೈಸಾಲಕ್ಕೆ ನೂರಕ್ಕೆ ಐದು ಬಡ್ಡಿ ಕಟ್ಟುವುದೂ ಇದೇ ಬೂಟು. 2022ರಲ್ಲಿ ಇಂಗ್ಲೆಂಡಿನಲ್ಲಿ ಬೆಲೆಯೇರಿಕೆ ಬಡವರಿಗೆ ಎಷ್ಟು ತಟ್ಟುತ್ತದೆ ಎಂದು ಲೆಕ್ಕ ಇಡುವ ಹೊಸ ಸೂಚ್ಯಂಕಕ್ಕೆ ಈ ವೈಮ್ಸನ ಬೂಟಿನ ಹೆಸರನ್ನೇ ಇಟ್ಟರು. ಮಾಟ ಮಂತ್ರದ ಪುಸ್ತಕದಿಂದ ಅರ್ಥಶಾಸ್ತ್ರಕ್ಕೆ ಹೋದ ಮಾತು ಇದು.

ಪ್ರಸಿದ್ಧಿಯ ಭಾಗವನ್ನು ಬೇಗ ಮುಗಿಸುತ್ತೇನೆ. ಪುಸ್ತಕಗಳು 37 ಭಾಷೆಗೆ ಹೋದವು, ಎಂಟೂವರೆ ಕೋಟಿಗೂ ಹೆಚ್ಚು ಪ್ರತಿ ಮಾರಾಟವಾದವು. ಮಾತಾಡುವ ಬೆಕ್ಕು ಮತ್ತು ಓದು ಕಲಿತ ಇಲಿಗಳ ಕಥೆಗೆ ಮಕ್ಕಳ ಸಾಹಿತ್ಯದ ಕಾರ್ನೆಗಿ ಪದಕ ಬಂತು. ಪದಕ ಕೊಟ್ಟ ಸಭೆಯಲ್ಲಿ ಆತ ಅದರ ಬದಲು ಅದೇ ತರಹದ ಚಾಕೊಲೇಟನ್ನು ಹಿಡಿದು ಎಲ್ಲರೆದುರು ತಿಂದುಬಿಟ್ಟ. 2009ರಲ್ಲಿ ರಾಣಿಯಿಂದ ‘ಸರ್’ ಪದವಿ ಬಂತು. ‘ಸರ್’ ಆದ ಮೇಲೆ ಖಡ್ಗ ಬೇಡವೇ ಎಂದು ಮನೆಯ ಹತ್ತಿರದ ಕಬ್ಬಿಣದ ಅದಿರು ಅಗೆದು, ಕರಗಿಸಿ, ಅದಕ್ಕೆ ಉಲ್ಕೆಯ ಚೂರು ಸೇರಿಸಿ ಖಡ್ಗ ಮಾಡಿಸಿಕೊಂಡ. ಮರಗೆಲಸ ಆರಿಸಿಕೊಂಡಿದ್ದ ಹುಡುಗ, ಕೊನೆಯವರೆಗೂ ಅವನೇ.

ಆದರೆ ‘ಸರ್’ ಆಗುವ ಮೊದಲೇ ಇನ್ನೊಂದು ಬಂದಿತ್ತು. 2007ರ ಡಿಸೆಂಬರಿನಲ್ಲಿ, 59ನೇ ವಯಸ್ಸಿನಲ್ಲಿ, ತನಗೆ ಆಲ್ಝೈಮರ್ ಕಾಯಿಲೆಯ ಒಂದು ಅಪರೂಪದ ಬಗೆ ತಗುಲಿದೆ ಎಂದು ಆತ ಎಲ್ಲರಿಗೂ ತಿಳಿಸಿದ. ಇದು ಮೆದುಳಿನ ಹಿಂಭಾಗವನ್ನು ಮೊದಲು ಹಿಡಿಯುತ್ತದೆ. ಕಣ್ಣು ಸರಿಯಿರುತ್ತದೆ, ಕಂಡದ್ದನ್ನು ಮೆದುಳು ಗುರುತಿಸುವುದಿಲ್ಲ. ಎದುರಿಗಿರುವ ವಸ್ತು ಕೈಗೆ ಸಿಗುವುದಿಲ್ಲ, ಅಂಗಿಯ ತೋಳು ಎಲ್ಲಿದೆ ತಿಳಿಯುವುದಿಲ್ಲ. ಟೈಪ್ ಮಾಡುವ ಬೆರಳಿಗೆ ಅಕ್ಷರ ತಪ್ಪಿತು. ಆಮೇಲಿನ ಪುಸ್ತಕಗಳನ್ನು ಬಾಯಲ್ಲಿ ಹೇಳಿ, ಸಹಾಯಕ ರಾಬ್ ವಿಲ್ಕಿನ್ಸ್ ಮತ್ತು ಕಂಪ್ಯೂಟರಿನ ನೆರವಿನಿಂದ ಬರೆಸಿದ.

ನಮ್ಮಲ್ಲಿ ಇದಕ್ಕೆ ‘ಅರಳು ಮರಳು’ ಎಂದು ಹೆಸರಿಟ್ಟು ಸುಮ್ಮನಾಗುತ್ತೇವೆ. ನಮ್ಮ ಸೋದರತ್ತೆಗೆ ಹೀಗಾದಾಗ ಮನೆಯವರು ನೆಂಟರು ಬಂದ ದಿನ ಅವರನ್ನು ಒಳಗಿನ ಕೋಣೆಯಲ್ಲಿ ಕೂರಿಸುತ್ತಿದ್ದರು. ಕೆಟ್ಟ ಮನಸ್ಸಿನಿಂದಲ್ಲ, ನಾಚಿಕೆಯಿಂದ. ಪ್ರ್ಯಾಚೆಟ್ ಆ ನಾಚಿಕೆಯನ್ನೇ ಮುರಿಯಲು ಹೊರಟ. ಕ್ಯಾನ್ಸರ್ ಬಂದರೆ ಜನ ಧೈರ್ಯ ಹೇಳುತ್ತಾರೆ, ಇದು ಬಂದರೆ ಮುಖ ತಿರುಗಿಸುತ್ತಾರೆ, ಯಾಕೆ ಎಂದು ಕೇಳಿದ. ಸಂಶೋಧನೆಗೆಂದು 10 ಲಕ್ಷ ಡಾಲರು ಕೊಟ್ಟ. ತಾನು ಟೈ ಕಟ್ಟಲು ಒದ್ದಾಡುವುದನ್ನು, ಚಿತ್ರ ನೋಡಿ ಬರೆಯಲಾಗದೆ ಸೋಲುವುದನ್ನು ಟಿವಿಯವರ ಕ್ಯಾಮೆರಾ ಎದುರು ಮುಚ್ಚುಮರೆಯಿಲ್ಲದೆ ತೋರಿಸಿದ. 2010ರಲ್ಲಿ ಬಿಬಿಸಿಯ ಪ್ರತಿಷ್ಠಿತ ಡಿಂಬಲ್‌ಬಿ ಉಪನ್ಯಾಸಕ್ಕೆ ಅವನನ್ನು ಕರೆದರು. ವಿಷಯ ಸಾವು. ಉಪನ್ಯಾಸ ಆತ ಬರೆದದ್ದೇ, ಆದರೆ ಓದುವುದು ಆಗದು. ಮೊದಲ ಮಾತುಗಳನ್ನು ತಾನು ಆಡಿ, ಉಳಿದದ್ದನ್ನು ಓದಲು ನಟ ಟೋನಿ ರಾಬಿನ್ಸನ್ ಕೈಗೆ ಕೊಟ್ಟು, ಪಕ್ಕದ ಕುರ್ಚಿಯಲ್ಲಿ ಕೂತು ತನ್ನ ಮಾತನ್ನು ತಾನೇ ಕೇಳಿದ. ಗುಣವಾಗದ ರೋಗಿಗೆ ತನ್ನ ಸಾವಿನ ಹೊತ್ತನ್ನು ಆರಿಸಿಕೊಳ್ಳುವ ಹಕ್ಕಿರಬೇಕು ಎಂಬುದು ಆತನ ವಾದ. ಅದನ್ನು ಒಪ್ಪದವರು ಬಹಳ ಜನ, ನಾನೂ ಪೂರ್ತಿ ಒಪ್ಪಿದವನಲ್ಲ. ಆದರೆ ಕಾಯಿಲೆಯವನನ್ನು ಒಳಗಿನ ಕೋಣೆಯಲ್ಲಿ ಕೂರಿಸಬೇಡಿ ಎಂಬ ಅವನ ಮಾತಿಗೆ ಎದುರಾಡಲು ನನ್ನಲ್ಲಿ ಏನೂ ಇಲ್ಲ. ಈ ಊರಿನಲ್ಲಿ ಇವತ್ತು ಅಂಥ ಕೋಣೆಗಳು ಎಷ್ಟಿವೆ ಎಂದು ನಿಮಗೇ ಗೊತ್ತು.

2015ರ ಮಾರ್ಚ್ 12ರಂದು, ತನ್ನ ಮನೆಯಲ್ಲಿ, ಮನೆಯವರ ನಡುವೆ, ಹಾಸಿಗೆಯ ಮೇಲೆ ಬೆಕ್ಕು ಮಲಗಿದ್ದಾಗ, ಸಹಜವಾಗಿಯೇ ತೀರಿಕೊಂಡ. 66 ವರ್ಷ. ಅರ್ಧ ಬರೆದು ಉಳಿದ ಪುಸ್ತಕಗಳನ್ನು ಬೇರೆಯವರು ಮುಗಿಸಬಾರದು, ಅವು ಇರುವ ಹಾರ್ಡ್ ಡಿಸ್ಕನ್ನು ರೋಡ್ ರೋಲರ್ ಹತ್ತಿಸಿ ಪುಡಿ ಮಾಡಬೇಕು ಎಂದು ಹೇಳಿಟ್ಟಿದ್ದ. ಎರಡು ವರ್ಷದ ನಂತರ ಜಾತ್ರೆಯೊಂದರಲ್ಲಿ ಹಳೆಯ ಕಾಲದ ಉಗಿ ರೋಲರ್ ತರಿಸಿ ಹಾಗೆಯೇ ಮಾಡಿದರು.

ಈಗ ಕೆಲಸದ ಮಾತು. ಮಹೋತ್ಸವದ ನಿಧಿಯಲ್ಲಿ ಉಳಿಯುವ ಹಣದಿಂದ ಮಹಾದ್ವಾರ ಕಟ್ಟಿಸಬೇಕೋ, ಲೈಬ್ರರಿ ಕೋಣೆ ಮಾಡಬೇಕೋ ಎಂದು ಸಂಜೆ ಸಭೆ ಇದೆ. ನನ್ನ ಓಟು ಲೈಬ್ರರಿಗೆ ಎಂದು ಹೇಳಬೇಕಾಗಿಲ್ಲ. ಆದರೆ ಕೋಣೆ ಕಟ್ಟಿದರೆ ಸಾಲದು. ಈಗಲೂ ನಮ್ಮಲ್ಲಿ ನಾಲ್ಕು ಬೀರು ಪುಸ್ತಕ ಇವೆ, ಬೀಗ ಹಾಕಿವೆ. ಇದರಲ್ಲಿ ಮೇಷ್ಟ್ರುಗಳನ್ನು ದೂರುವಂತಿಲ್ಲ. ಲೈಬ್ರರಿಯನ್ ಹುದ್ದೆ ಇಲ್ಲ, ಪುಸ್ತಕ ಕಳೆದರೆ ಚಾರ್ಜ್ ಇರುವ ಮೇಷ್ಟ್ರೇ ಲೆಕ್ಕ ಒಪ್ಪಿಸಬೇಕು. ಯಾರಾದರೂ ಬೀಗ ಹಾಕುತ್ತಾರೆ. ಆದ್ದರಿಂದ ನನ್ನ ಸೂಚನೆ ಇಷ್ಟು: ಶನಿವಾರ ಶಾಲೆ ಬಿಟ್ಟ ಮೇಲೆ ಎರಡು ಗಂಟೆ ಲೈಬ್ರರಿ ತೆರೆಯಲಿ. ಪುಸ್ತಕ ಕೊಡುವುದು, ತೆಗೆದುಕೊಳ್ಳುವುದು ಒಂಬತ್ತನೇ ತರಗತಿಯ ಇಬ್ಬರು ಮಕ್ಕಳ ಕೈಯಲ್ಲಿ ಇರಲಿ. ವರ್ಷಕ್ಕೆ ಕಳೆದುಹೋಗುವ, ಹರಿದುಹೋಗುವ ಪುಸ್ತಕಗಳ ಬೆಲೆಯನ್ನು ಹಳೆಯ ವಿದ್ಯಾರ್ಥಿಗಳ ಸಂಘ ತುಂಬಿಕೊಡಲಿ, ಅದನ್ನು ಠರಾವಿನಲ್ಲಿ ಬರೆಯಲಿ. ಮೊದಲ ಐದು ವರ್ಷದ್ದು ನನ್ನ ಲೆಕ್ಕಕ್ಕೆ ಹಾಕಿ. ಆ ಇಬ್ಬರು ಮಕ್ಕಳು ತಮಗೆ ಹೆಚ್ಚು ಟಿಕೆಟ್ ಬರೆದುಕೊಂಡರೆ ದಯವಿಟ್ಟು ಯಾರೂ ಹಿಡಿಯಬೇಡಿ.

ಮಕ್ಕಳೇ, ಈತನ ಆರು ಪುಸ್ತಕ ತಂದು ಮೇಡಂ ಅವರ ಮೇಜಿನ ಮೇಲೆ ಇಟ್ಟಿದ್ದೇನೆ. ಇಂಗ್ಲಿಷಿನಲ್ಲಿವೆ, ಸ್ವಲ್ಪ ಕಷ್ಟ. ‘ದಿ ವೀ ಫ್ರೀ ಮೆನ್’ ಎಂಬುದರಿಂದ ಶುರು ಮಾಡಿ. ಅದರಲ್ಲಿ ಟಿಫನಿ ಎಂಬ ಒಂಬತ್ತು ವರ್ಷದ ಹುಡುಗಿ ಇದ್ದಾಳೆ, ಕುರಿ ಸಾಕುವವರ ಮನೆಯವಳು, ಅವಳ ಅಜ್ಜಿ ಕುರಿಗಾಹಿ. ಊರಿನವರು ಒಬ್ಬ ಒಂಟಿ ಮುದುಕಿಯನ್ನು ಮಾಟಗಾತಿ ಎಂದು ಮನೆಯಿಂದ ಹೊರಹಾಕಿ, ಆಕೆ ಚಳಿಗೆ ಸತ್ತಳು ಎಂದು ತಿಳಿದು, ಇನ್ನು ಮುಂದೆ ಹಾಗಾಗದಂತೆ ನೋಡಿಕೊಳ್ಳಲು ತಾನೇ ಮಾಟಗಾತಿ ಆಗುತ್ತೇನೆ ಎಂದು ಹೊರಡುತ್ತಾಳೆ. ಹೊಳೆಯಲ್ಲಿ ಒಂದು ಭೂತ ಏಳುತ್ತದೆ. ಅವಳು ಹೆದರಿ ಓಡುವುದಿಲ್ಲ. ಮನೆಗೆ ಹೋಗಿ ಬಾಣಲೆ ತರುತ್ತಾಳೆ. ಮುಂದೆ ಏನಾಯಿತು ಎಂದು ತಿಳಿಯಬೇಕಾದವರು ಊಟ ಮುಗಿಸಿ ಎಂಟನೇ ತರಗತಿ ಕೋಣೆಗೆ ಬನ್ನಿ, ಕನ್ನಡದಲ್ಲಿ ಹೇಳುತ್ತೇನೆ. ಹಿರಿಯರು ಬಂದರೂ ಅಡ್ಡಿಯಿಲ್ಲ, ಬೆಂಚು ಚಿಕ್ಕದು, ಹೊಂದಿಕೊಂಡು ಕೂರಬೇಕು.